ಪೆಂಬ್ರೋಕ್ ವಿದ್ಯಾರ್ಥಿನಿಯರ ಬಾಯ್ಮಾತಿನ ಚರಿತ್ರೆ

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಅಡಿಗಲ್ಲು ಇಟ್ಟ ದಿನದಿಂದ ಆರಂಭಿಸಿ ದಾನಿಗಳ ಹೆಸರುಗಳಲ್ಲಿ ಮುಗಿಸುವುದು ಎಲ್ಲೆಡೆಯ ವಾಡಿಕೆ. ಅಧ್ಯಕ್ಷರ ಭಾಷಣ, ಆಡಳಿತ ಮಂಡಲಿಯ ನಡವಳಿ, ಪದವೀಧರರ ಸಂಖ್ಯೆ, ಇವಿಷ್ಟು ದೊರೆತರೆ ಗ್ರಂಥ ಸಿದ್ಧವಾಯಿತು. ಅಲ್ಲಿ ಕಲಿತವರು ಏನನ್ನು ಕಂಡರು, ಯಾವುದಕ್ಕೆ ನಕ್ಕರು, ಯಾವುದನ್ನು ಒಳಗೇ ನುಂಗಿಕೊಂಡರು ಎಂಬುದಕ್ಕೆ ಅಂತಹ ಗ್ರಂಥದಲ್ಲಿ ಎಡೆಯಿರುವುದಿಲ್ಲ. ಸಂಸ್ಥೆಯೇ ಅಳಿದುಹೋದ ಮೇಲಂತೂ ಕೇಳುವವರೂ ಇಲ್ಲ. ಹೀಗೆ ಇಲ್ಲವಾದ ಒಂದು ಮಹಿಳಾ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರ ಮಾತುಗಳನ್ನು 1982ರಿಂದ ಧ್ವನಿಮುದ್ರಿಸಿ ಕಾಪಿಟ್ಟುಕೊಂಡು ಬಂದಿರುವ ಒಂದು ಸಂಗ್ರಹದ ಗುಣದೋಷಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಅದು ಅಮೆರಿಕೆಯ ರೋಡ್ ಐಲೆಂಡ್ ಸಂಸ್ಥಾನದ ಪ್ರಾವಿಡೆನ್ಸ್ ನಗರದಲ್ಲಿದ್ದ ಪೆಂಬ್ರೋಕ್ ಕಾಲೇಜಿನ ಸಂಗ್ರಹ. ದೂರದ ವಿಷಯವೆಂದು ವಾಚಕರು ಪುಟ ತಿರುವಿಬಿಡಬಾರದು. ಆಡಿದ ಮಾತನ್ನೇ ಶಾಸ್ತ್ರವಾಗಿ ಪಡೆದ ಪರಂಪರೆಯವರಾದ ನಮಗೆ, ಬೇರೆಯವರು ಆಡಿದ ಮಾತನ್ನು ಹೇಗೆ ಕೂಡಿಸಿಟ್ಟರು ಎಂಬುದು ಪರಕೀಯವಾದ ಪ್ರಶ್ನೆಯೇನೂ ಅಲ್ಲ.

ಕಾಲೇಜಿನ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಬ್ರೌನ್ ವಿಶ್ವವಿದ್ಯಾಲಯ 1764ರಲ್ಲಿ ಸ್ಥಾಪಿತವಾದದ್ದು. ಒಂದೇಕಾಲು ಶತಮಾನದಷ್ಟು ಕಾಲ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. 1891ರಲ್ಲಿ ಕೆಲವೇ ತರುಣಿಯರು ವಿಶ್ವವಿದ್ಯಾಲಯದ ಹೊಸ್ತಿಲಾಚೆಯೇ ಕುಳಿತು ಅದರ ಅಧ್ಯಾಪಕರಿಂದ ಪಾಠ ಹೇಳಿಸಿಕೊಂಡರು. ಮರುವರ್ಷ ಪದವಿಯ ಹಕ್ಕು ದೊರೆಯಿತು. 1894ರಲ್ಲಿ ಮೇರಿ ವೂಲಿ, ಆ್ಯನ್ ವೀಡನ್ ಎಂಬಿಬ್ಬರು ಮೊದಲ ಪದವೀಧರೆಯರಾದರು. ಈ ವೂಲಿಯೇ ಮುಂದೆ ಮೌಂಟ್ ಹೋಲಿಯೋಕ್ ಎಂಬ ಪ್ರಸಿದ್ಧ ಮಹಿಳಾ ಕಾಲೇಜನ್ನು 1901ರಿಂದ 1937ರವರೆಗೆ ನಡೆಸಿದವರು. ಸಾರಾ ಡಾಯ್ಲ್ ಎಂಬ ಶಿಕ್ಷಕಿಯ ಮುಂದಾಳುತನದಲ್ಲಿ ಆ ಊರಿನ ಸ್ತ್ರೀಯರು ಹಣ ಕೂಡಿಸಿ 1897ರಲ್ಲಿ ಪೆಂಬ್ರೋಕ್ ಹಾಲ್ ಎಂಬ ಸ್ವಂತ ಕಟ್ಟಡವನ್ನು ಎತ್ತಿದರು. 1928ರಲ್ಲಿ ಕಾಲೇಜಿಗೂ ಪೆಂಬ್ರೋಕ್ ಎಂಬ ಹೆಸರೇ ನಿಂತಿತು. ಪದವಿ ಬ್ರೌನ್ ವಿಶ್ವವಿದ್ಯಾಲಯದ್ದು, ಅಧ್ಯಾಪಕರು ಅಲ್ಲಿಯವರೇ, ಪಾಠವೂ ಬಹುಮಟ್ಟಿಗೆ ಹುಡುಗರ ಜೊತೆಗೇ. ಆದರೆ ಪ್ರವೇಶ, ವಸತಿ, ವಿದ್ಯಾರ್ಥಿ ಸಂಘ, ಪತ್ರಿಕೆ ಮತ್ತು ಡೀನ್ ಪದವಿ ಇವೆಲ್ಲ ಪ್ರತ್ಯೇಕ. 1971ರಲ್ಲಿ ಈ ಪ್ರತ್ಯೇಕತೆಯನ್ನು ತೆಗೆದುಹಾಕಿ ಕಾಲೇಜನ್ನು ವಿಶ್ವವಿದ್ಯಾಲಯದಲ್ಲಿ ಲೀನಗೊಳಿಸಲಾಯಿತು. ಹತ್ತು ವರ್ಷದ ತರುವಾಯ, 1981ರಲ್ಲಿ, ಸ್ತ್ರೀ ಅಧ್ಯಯನಕ್ಕೆಂದು ಅಲ್ಲಿ ತೆರೆದ ಕೇಂದ್ರಕ್ಕೆ ಹಳೆಯ ಹೆಸರನ್ನೇ ಇಟ್ಟರು. ಮೌಖಿಕ ಚರಿತ್ರೆಯ ಕಾರ್ಯ ಆ ಪೆಂಬ್ರೋಕ್ ಕೇಂದ್ರದ್ದು. ಈಗ ಧ್ವನಿಯೂ ಲಿಖಿತ ಪ್ರತಿಯೂ ಯಾರು ಬೇಕಾದರೂ ಕೇಳುವಂತೆ, ಓದುವಂತೆ ದೊರೆಯುತ್ತವೆ.

ಇಂತಹ ಸಂಗ್ರಹವನ್ನು ಓದುವಾಗ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ, ಇದು ಯಾವ ಜಾತಿಯ ಪ್ರಮಾಣ ಎಂಬುದು. ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ತಿಳಿದಿರುವಂತೆ ಜ್ಞಾನವು ಎರಡು ಬಗೆ: ಸ್ಮೃತಿ ಮತ್ತು ಅನುಭವ. ಸಂಸ್ಕಾರಮಾತ್ರದಿಂದ ಹುಟ್ಟುವುದು ಸ್ಮೃತಿ, ಅದಲ್ಲದ್ದು ಅನುಭವ. ಪ್ರಮಾಣಗಳ ವಿಚಾರವೆಲ್ಲ ಅನುಭವದ ಪಕ್ಷಕ್ಕೆ ಸೇರಿದ್ದೇ ಹೊರತು ಸ್ಮೃತಿಗೆ ಅಲ್ಲಿ ಪೀಠವಿಲ್ಲ. ಮೌಖಿಕ ಚರಿತ್ರೆಯನ್ನು ಮೆಚ್ಚುವವರು ಇದನ್ನು ಅನುಭವದ ನೇರ ವಾಣಿ ಎನ್ನುತ್ತಾರೆ. ವಾಸ್ತವವಾಗಿ ಅದು ಸ್ಮೃತಿಯ ವಾಣಿ. 1930ರ ಸುಮಾರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ತರುಣಿ 1985ರ ಹೊತ್ತಿಗೆ ಮಾತನಾಡಲು ಕುಳಿತಾಗ ಎಪ್ಪತ್ತು ದಾಟಿದ ಅಜ್ಜಿ. ನಡುವೆ ಒಂದು ಮಹಾಯುದ್ಧ, ಮದುವೆ, ಮಕ್ಕಳು, ವೈಧವ್ಯ, ಹೆಣ್ಣಿನ ಹಕ್ಕಿನ ಬಗೆಗೆ ಇಡೀ ದೇಶದಲ್ಲಿ ಎದ್ದ ಚರ್ಚೆ, ಕೊನೆಗೆ ತಾನು ಕಲಿತ ಕಾಲೇಜೇ ಇಲ್ಲವಾದದ್ದು, ಇವೆಲ್ಲ ಸಂಸ್ಕಾರವಾಗಿ ಕೂಡಿಕೊಂಡಿವೆ. ಆ ಸಂಸ್ಕಾರವನ್ನು ಕಳೆದು ಶುದ್ಧವಾದ 1930ನ್ನು ತೆಗೆಯಹೊರಡುವುದು ಹಾಲಿನಲ್ಲಿ ಕರಗಿದ ಸಕ್ಕರೆಯನ್ನು ಚಿಮಟದಿಂದ ಎತ್ತಹೊರಟಂತೆ.

ಹಾಗೆಂದು ಸ್ಮೃತಿಯನ್ನು ತುಚ್ಛೀಕರಿಸಬೇಕೆಂದಲ್ಲ. ಇಟಲಿಯ ವಿದ್ವಾಂಸ ಅಲೆಸ್ಸಾಂಡ್ರೊ ಪೋರ್ತೆಲ್ಲಿ ಈ ವಿಷಯದಲ್ಲಿ ಗುರುಸ್ಥಾನೀಯರು. ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ 1949ರಲ್ಲಿ ಪೊಲೀಸರ ಕೈಯಲ್ಲಿ ಮಡಿದ. ಆ ಊರಿನ ಅನೇಕರು ಅವನ ಸಾವನ್ನು 1953ಕ್ಕೆ, ಸಾಮೂಹಿಕವಾಗಿ ಕೆಲಸದಿಂದ ಕಿತ್ತುಹಾಕಿದ ಸಂದರ್ಭದ ಗಲಭೆಗೆ ತಳುಕುಹಾಕಿ ಹೇಳುತ್ತಿದ್ದರು. ತೇದಿ ತಪ್ಪು, ಆದರೆ ಆ ತಪ್ಪಿನಲ್ಲೇ ಆ ಜನರ ಮನಸ್ಸಿಗೆ ಯಾವುದು ದೊಡ್ಡ ಪೆಟ್ಟಾಗಿತ್ತು ಎಂಬ ಸತ್ಯ ಅಡಗಿತ್ತು. ತೇದಿ ದಾಖಲೆಯಲ್ಲಿ ಸಿಕ್ಕುತ್ತದೆ, ಪೆಟ್ಟು ದಾಖಲೆಯಲ್ಲಿ ಸಿಕ್ಕುವುದಿಲ್ಲ. ಪೆಂಬ್ರೋಕಿನ ಸಂಗ್ರಹವನ್ನು ಈ ಕಣ್ಣಿನಿಂದ ಓದುವವರಿಗೆ ಮಾತ್ರ ಅದು ತನ್ನ ಒಳಮನೆಯನ್ನು ತೆರೆಯುತ್ತದೆ.

ಒಳಮನೆಯಲ್ಲಿ ಕಾಣುವುದೇನು? ಹಳೆಯ ತರಗತಿಗಳ ಸ್ತ್ರೀಯರಲ್ಲಿ ಎರಡು ಪಂಗಡಗಳಿದ್ದವು: ವಸತಿಗೃಹಗಳಲ್ಲಿ ಇದ್ದವರು ಮತ್ತು ಊರಿನಿಂದಲೇ ದಿನವೂ ಬಂದುಹೋಗುತ್ತಿದ್ದವರು. ಎರಡನೆಯವರಿಗೆ 'ಊರ ಹುಡುಗಿಯರು' ಎಂಬ ಹೆಸರು. ವಸತಿಗೃಹದವರಿಗೆ 1910ರ ಮಿಲ್ಲರ್ ಹಾಲ್, 1919ರ ಮೆಟ್‌ಕಾಫ್ ಹಾಲ್, ಊಟದ ಶಿಷ್ಟಾಚಾರ, ಮನೆಯಮ್ಮನ ಸ್ಥಾನದಲ್ಲಿದ್ದ ಮೇಲ್ವಿಚಾರಕಿ, ಸಂಜೆ ಹೊರಗೆ ಹೋಗುವಾಗ ಪುಸ್ತಕದಲ್ಲಿ ಹೆಸರು ಬರೆದು ಗೊತ್ತಾದ ಹೊತ್ತಿಗೆ ಹಿಂತಿರುಗುವ ಕಟ್ಟಳೆ. ಊರ ಹುಡುಗಿಯರಿಗೆ ಟ್ರಾಮು, ಬುತ್ತಿಯ ಡಬ್ಬಿ, ಸಂಜೆ ಮನೆಗೆ ಹೋದೊಡನೆ ಕಾದಿರುವ ಮನೆಗೆಲಸ. ಪ್ರಾವಿಡೆನ್ಸ್ ಗಿರಣಿಗಳ ಊರು, ಆಭರಣ ಕಾರ್ಖಾನೆಗಳ ಊರು. ಇಟಲಿಯಿಂದ, ಪೋರ್ತುಗಲ್ಲಿನಿಂದ, ಆರ್ಮೇನಿಯದಿಂದ, ಪೂರ್ವ ಯೂರೋಪಿನಿಂದ ವಲಸೆ ಬಂದ ಮನೆತನಗಳು ಅಲ್ಲಿ ನೆಲೆಸಿದ್ದವು. ಅಂತಹ ಮನೆಯ ಮಗಳು ಬೆಳಿಗ್ಗೆ ಗುಡ್ಡವೇರಿ ಗ್ರೀಕ್ ನಾಟಕ ಓದಿ ಸಂಜೆ ಗುಡ್ಡವಿಳಿದು ಇಂಗ್ಲಿಷ್ ಅರಿಯದ ತಾಯಿಯ ಅಡುಗೆಮನೆಗೆ ಮರಳುವ ನಡಿಗೆ ಒಂದು ಕಾಲೇಜಿನ ಚರಿತ್ರೆಯಲ್ಲ, ಒಂದು ದೇಶದ ಚರಿತ್ರೆ. ಸಂಗ್ರಹದ ಅತ್ಯಂತ ಬೆಲೆಯುಳ್ಳ ಭಾಗ ಯಾವುದೆಂದು ಯಾರಾದರೂ ಕೇಳಿದರೆ ನಾವು ಈ ಊರ ಹುಡುಗಿಯರ ಮಾತುಗಳತ್ತಲೇ ಬೆರಳು ತೋರುತ್ತೇವೆ. ಕಾಲೇಜಿನ ಸಚಿತ್ರ ಸಂಚಿಕೆಗಳಲ್ಲಿ ಮೆರೆದವರು ವಸತಿಗೃಹದವರು. ಗುಡ್ಡ ಹತ್ತಿ ಇಳಿದವರಿಗೆ ಚಿತ್ರ ತೆಗೆಸಿಕೊಳ್ಳುವಷ್ಟು ಬಿಡುವಿರಲಿಲ್ಲ.

ಪದವಿ ಪಡೆದ ಮೇಲೆ ಏನಾಯಿತು ಎಂಬ ಭಾಗವೂ ಗಮನಾರ್ಹ. ಲ್ಯಾಟಿನ್, ಗಣಿತ, ರಸಾಯನಶಾಸ್ತ್ರಗಳಲ್ಲಿ ಪಾರಂಗತರಾದವರು ಕೆಲಸ ಬೇಕಾದಾಗ ಮತ್ತೆ ಕ್ಯಾಥರಿನ್ ಗಿಬ್ಸ್ ಶಾಲೆಯಂತಹ ಕಡೆ ಬೆರಳಚ್ಚು, ಶೀಘ್ರಲಿಪಿ ಕಲಿಯಬೇಕಾದ ಕಾಲ ಅದು. 1911ರಲ್ಲಿ ಆ ಶಾಲೆ ಹುಟ್ಟಿದ್ದೂ ಅದೇ ಪ್ರಾವಿಡೆನ್ಸಿನಲ್ಲಿ ಎಂಬುದು ಕಾಕತಾಳೀಯವಿರಬಹುದು. ಬ್ರೌನ್ ಪದವಿಯುಳ್ಳ ತರುಣನಿಗೆ ಯಾರೂ ನಿನ್ನ ಬೆರಳಿನ ವೇಗವೆಷ್ಟು ಎಂದು ಕೇಳಲಿಲ್ಲ.

ಇಲ್ಲಿಯೇ ವಿಮರ್ಶಕನ ಪರೀಕ್ಷೆಯಾಗುವ ಒಂದು ಲಕ್ಷಣ ಎದುರಾಗುತ್ತದೆ. ನಿಮಗೆ ಹೆಣ್ಣೆಂಬ ಕಾರಣಕ್ಕೆ ಅನ್ಯಾಯವಾಯಿತೆ ಎಂದು ಕೇಳಿದಾಗ ಹಳಬರು ಇಲ್ಲವೆನ್ನುತ್ತಾರೆ. ನಾವು ಸುಖವಾಗಿದ್ದೆವು, ಅಧ್ಯಾಪಕರು ಒಳ್ಳೆಯವರು, ಡೀನ್ ತಾಯಿಯಂತೆ ಇದ್ದರು ಎನ್ನುತ್ತಾರೆ. ತುಸು ಹೊತ್ತಿನ ಮೇಲೆ, ಯಾರೂ ಕೇಳದೆಯೇ, ಬೇರೆ ಯಾವುದೋ ಮಾತಿನ ನಡುವೆ, ತನಗೆ ಮುಚ್ಚಿದ್ದ ಒಂದು ಬಾಗಿಲಿನ ಕಥೆ ಬರುತ್ತದೆ, ನಗುತ್ತಲೇ ಬರುತ್ತದೆ. ಕೇಳುವವರು ಬಹುಪಾಲು ಕಿರಿಯರು, ಸಮಾನತೆಯ ಶಬ್ದಕೋಶವನ್ನು ಕೈಯಲ್ಲಿ ಹಿಡಿದು ಬಂದವರು. ಅವರಿಗೆ ಎರಡನೆಯ ಮಾತೇ ನಿಜ, ಮೊದಲನೆಯದು ಮುದುಕಿಯ ಮುಗ್ಧತೆ. ಇದನ್ನು ನಾವು ಒಪ್ಪಲಾರೆವು. ಎರಡೂ ಅವಳದೇ ಮಾತು. ಸುಖವಾಗಿದ್ದೆ ಎಂದವಳು ಸುಳ್ಳು ಹೇಳುತ್ತಿಲ್ಲ, ಬಾಗಿಲು ಮುಚ್ಚಿತ್ತು ಎಂದಾಗಲೂ ಸುಳ್ಳು ಹೇಳುತ್ತಿಲ್ಲ. ತನ್ನ ಅಮ್ಮನಿಗೆ ಇಲ್ಲದ ಅವಕಾಶ ತನಗೆ ದೊರೆತದ್ದನ್ನು ಅವಳು ಅಳೆಯುವುದು ಒಂದು ಕೋಲಿನಿಂದ. ಪಕ್ಕದಲ್ಲಿ ಕುಳಿತಿದ್ದ ಹುಡುಗನಿಗೆ ದೊರೆತದ್ದನ್ನು ಅಳೆಯುವುದು ಇನ್ನೊಂದು ಕೋಲಿನಿಂದ. ಯಾವ ಕೋಲು ಕೈಗೆ ಬಂದಾಗ ಯಾವ ಉತ್ತರ ಎಂಬುದನ್ನು ಕಾಣದ ಸಾರಾಂಶಕಾರರು ಇಡೀ ಸಂದರ್ಶನವನ್ನು ಎರಡು ಸಾಲಿಗೆ ಇಳಿಸಿಬಿಡುತ್ತಾರೆ. ಸಂಗ್ರಹಗಳಲ್ಲಿ ಸಾರಾಂಶ ಅನಿವಾರ್ಯವೇ ಇರಬಹುದು. ಆದರೆ ಸಾರಾಂಶವನ್ನು ಓದಿ ಸಂದರ್ಶನವನ್ನು ಓದಿದೆವೆಂದು ಭಾವಿಸುವುದು ಪಂಚಾಂಗ ಓದಿ ಆಕಾಶ ನೋಡಿದೆವೆಂದು ಹೇಳಿಕೊಂಡಂತೆ.

1991ರಲ್ಲಿ ಅಮೆರಿಕೆಯಲ್ಲಿ ಸ್ತ್ರೀಯರ ಮಾತನ್ನು ಸಂಗ್ರಹಿಸುವ ಕ್ರಮದ ಬಗೆಗೇ ಒಂದು ಲೇಖನ ಸಂಪುಟ ಪ್ರಕಟವಾಯಿತು. ಅದರಲ್ಲಿ ಕ್ಯಾಥರಿನ್ ಬೋರ್ಲಂಡ್ ಎಂಬವರು ತಮ್ಮ ಅಜ್ಜಿ ಹೇಳಿದ ಕಥೆಯೊಂದನ್ನು ವಿವೇಚಿಸಿದ್ದಾರೆ. 1944ರ ಜಾತ್ರೆಯ ಕುದುರೆ ಓಟದಲ್ಲಿ ಅಜ್ಜಿ ತನ್ನ ತಂದೆಯ ಮಾತಿಗೆ ವಿರುದ್ಧವಾಗಿ ಪಣ ಕಟ್ಟಿ ಗೆದ್ದ ಕಥೆ. ಮೊಮ್ಮಗಳು ಅದನ್ನು ಹೆಣ್ಣಿನ ಸ್ವಾತಂತ್ರ್ಯದ ಹೋರಾಟವೆಂದು ಅರ್ಥೈಸಿ ಬರೆದಳು. ಬರೆದುದನ್ನು ಓದಿದ ಅಜ್ಜಿ ಹದಿನಾಲ್ಕು ಪುಟಗಳ ಕಾಗದ ಬರೆದು, ನಾನು ಹೇಳಿದ್ದು ಇದಲ್ಲ, ಈ ಕಥೆ ಈಗ ನನ್ನದಾಗಿ ಉಳಿದಿಲ್ಲ ಎಂಬ ಧಾಟಿಯಲ್ಲಿ ಆಕ್ಷೇಪಿಸಿದಳು. ಮೊಮ್ಮಗಳ ಹೆಚ್ಚಳವೆಂದರೆ ಆ ಆಕ್ಷೇಪವನ್ನು ಮುಚ್ಚಿಡದೆ ಲೇಖನದ ಒಳಗೇ ಸೇರಿಸಿದ್ದು. ಪೆಂಬ್ರೋಕ್ ಸಂಗ್ರಹದಂತಹವುಗಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಮಾತು ಕೊಟ್ಟವರಿಗೆ ಅರ್ಥದ ಮೇಲೂ ಹಕ್ಕುಂಟು. ಆದರೆ ಏಕೈಕ ಹಕ್ಕಲ್ಲ.

ಇನ್ನೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾಗದು. ಪೆಂಬ್ರೋಕ್ ಕೇಂದ್ರದ ಮೊದಲ ನಿರ್ದೇಶಕಿ ಜೋನ್ ಸ್ಕಾಟ್ ಎಂಬ ಇತಿಹಾಸಜ್ಞೆ. ಅವರು ಆ ಕೇಂದ್ರವನ್ನು ಬಿಟ್ಟು ಹೋದ ಮೇಲೆ 1991ರಲ್ಲಿ 'ಅನುಭವದ ಸಾಕ್ಷ್ಯ' ಎಂಬ ಅರ್ಥದ ಶೀರ್ಷಿಕೆಯ ಒಂದು ಪ್ರಬಂಧವನ್ನು ಬರೆದರು. ಅನುಭವವನ್ನು ಪ್ರಶ್ನಾತೀತವಾದ ತಳಹದಿಯೆಂದು ಹಿಡಿಯುವ ಇತಿಹಾಸಕಾರರನ್ನು ಅದರಲ್ಲಿ ಕಟುವಾಗಿ ವಿಮರ್ಶಿಸಿದರು. ವ್ಯಕ್ತಿ ಮೊದಲಿದ್ದು ಆಮೇಲೆ ಅನುಭವವನ್ನು ಪಡೆಯುವುದಲ್ಲ, ಅನುಭವದ ಮೂಲಕವೇ ವ್ಯಕ್ತಿ ರೂಪುಗೊಳ್ಳುವುದು ಎಂಬುದು ಅವರ ಮತ. ಅನುಭವವನ್ನು ಸಂಗ್ರಹಿಸುವ ಮನೆಯ ಮೊದಲ ಯಜಮಾನಿಯೇ ಅನುಭವವನ್ನು ಸಂದೇಹಿಸಲು ಕಲಿಸಿದಂತಾಯಿತು. ಅನುಭವ ಮಂಟಪದ ಹೆಸರನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡ ನಮ್ಮವರು ಈ ಪ್ರಬಂಧವನ್ನು ಓದುವುದು ಒಳ್ಳೆಯದು. ಆ ಮಂಟಪದ ಸಂವಾದಗಳನ್ನು ನಾವು ಅರಿಯುವುದು ಶೂನ್ಯಸಂಪಾದನೆಗಳ ಮೂಲಕ. ಹನ್ನೆರಡನೆಯ ಶತಮಾನದ ನುಡಿಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂವಾದದ ಎಳೆಯಲ್ಲಿ ಪೋಣಿಸಿದರು. ಅವರ ತರುವಾಯ ಇನ್ನೂ ಮೂವರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು. ಅಲ್ಲಮಪ್ರಭುಗಳು ಕೇಳುವ ಪ್ರಶ್ನೆಗಳಿಗೆ ಅಕ್ಕಮಹಾದೇವಿಯವರು ಕೊಡುವ ಉತ್ತರಗಳ ಅನುಕ್ರಮ ಸಂಕಲನಕಾರರದು, ಉತ್ತರದ ಕಾವು ಅಕ್ಕನವರದು. ಕೇಳಿದ ಪ್ರಶ್ನೆಯ ಚೌಕಟ್ಟನ್ನೇ ಒಡೆದು ಉತ್ತರಿಸುವ ಹೆಣ್ಣುದನಿಯನ್ನು ಗುರುತಿಸುವ ಕಿವಿ ನಮ್ಮ ಪರಂಪರೆಗೆ ಉಂಟು. ಆ ಕಿವಿಯಿಂದ ಕೇಳಿದರೆ, ಅನ್ಯಾಯವಾಯಿತೆ ಎಂಬ ಪ್ರಶ್ನೆಗೆ ಇಲ್ಲವೆಂದ ಪೆಂಬ್ರೋಕಿನ ಅಜ್ಜಿ, ನನ್ನ ಬಾಳನ್ನು ನಿನ್ನ ಒಂದು ಪದದಲ್ಲಿ ಅಳೆಯಬೇಡ ಎನ್ನುತ್ತಿರುವುದು ಕೇಳಿಸುತ್ತದೆ.

ಬಿಟ್ಟುಹೋದವರ ಮಾತೇನು? 1982ರಲ್ಲಿ ಕೆಲಸ ಆರಂಭವಾಯಿತೆಂದರೆ ಮೊದಲ ಎರಡು ದಶಕಗಳ ಪದವೀಧರೆಯರು ಆ ವೇಳೆಗೆ ತೊಂಬತ್ತರ ಆಸುಪಾಸಿನವರು, ಇಲ್ಲವೆ ಇಲ್ಲದವರು. ಅಲ್ಲಿ ಪದವಿ ಪಡೆದ ಕಪ್ಪು ಜನಾಂಗದ ಮೊದಲ ಮಹಿಳೆ ಎಥೆಲ್ ರಾಬಿನ್‌ಸನ್, 1905ರವರು. ಮುಂದೆ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, ಬ್ರೌನ್‌ನಲ್ಲಿ ತಾವು ಕಂಡ ವಿದ್ಯಾರ್ಥಿನಿಯರ ಕೂಟಗಳ ಬಗೆಗೆ ಅವರು ಆಡಿದ ಮಾತುಗಳೇ ಎಥೆಲ್ ಹೆಜ್‌ಮನ್ ಎಂಬ ಶಿಷ್ಯೆಗೆ 1908ರಲ್ಲಿ ಕಪ್ಪು ವಿದ್ಯಾರ್ಥಿನಿಯರ ಮೊದಲ ಸೋದರಿ ಸಂಘವನ್ನು ಕಟ್ಟಲು ಪ್ರೇರಣೆಯಾದುವು. ಗುರುವಿನ ಬಾಯಿಂದ ಶಿಷ್ಯೆಯ ಕಿವಿಗೆ ಹೋದ ಆ ಮಾತನ್ನು ಯಾವ ಯಂತ್ರವೂ ಹಿಡಿಯಲಿಲ್ಲ. ಅದರ ಫಲ ಮಾತ್ರ ಉಳಿಯಿತು. 1968ರ ಡಿಸೆಂಬರಿನಲ್ಲಿ ಬ್ರೌನ್ ಮತ್ತು ಪೆಂಬ್ರೋಕಿನ ಅರವತ್ತೈದು ಮಂದಿ ಕಪ್ಪು ವಿದ್ಯಾರ್ಥಿಗಳು ವಿಶ್ವವಿದ್ಯಾಲಯವನ್ನು ತೊರೆದು ಗುಡ್ಡದ ಕೆಳಗಿನ ಕಾಂಗ್ಡನ್ ಬೀದಿಯ ಚರ್ಚಿನಲ್ಲಿ ಕೆಲವು ದಿನ ತಂಗಿದರು. ಆ ಸತ್ಯಾಗ್ರಹದಲ್ಲಿ ಪೆಂಬ್ರೋಕಿನ ಹೆಣ್ಣುಮಕ್ಕಳು ಹಿಂಬಾಲಕರಾಗಿರಲಿಲ್ಲ, ಮುಂದಾಳುಗಳಾಗಿದ್ದರು. ಹಳೆಯ ವಿದ್ಯಾರ್ಥಿನಿ ಎಂಬ ಪದವೇ ಒಂದು ಜರಡಿ ಎಂಬುದನ್ನು ಓದುಗರು ನೆನಪಿಡಬೇಕು. ಪದವಿ ಮುಗಿಸದೆ ಹೋದವರು, ಅರ್ಜಿ ಹಾಕಿ ತಿರಸ್ಕೃತರಾದವರು, ಕಾಲೇಜಿನ ಮೇಲೆ ಮುನಿದು ಯಾವ ಕಾಗದಕ್ಕೂ ಉತ್ತರ ಬರೆಯದವರು, ಇವರೆಲ್ಲ ಜರಡಿಯ ಕೆಳಗೆ ಬಿದ್ದವರು. ಐವತ್ತನೆಯ ವರ್ಷದ ಪುನರ್ಮಿಲನಕ್ಕೆ ಬಂದು ಗೆಳತಿಯರ ನಡುವೆ ಕುಳಿತು ಮಾತನಾಡುವವರು ಸಾಮಾನ್ಯವಾಗಿ ಬಾಳಿನಲ್ಲಿ ಸೋಲದವರು, ಮುನಿಸು ಮರೆತವರು. ಹತ್ತು ಮಂದಿ ಕೂಡಿ ನೆನೆಯುವಾಗ ಒಬ್ಬರ ನೆನಪನ್ನು ಇನ್ನೊಬ್ಬರು ತಿದ್ದುವ ಲಾಭ ಒಂದಿದ್ದರೆ, ಒಂಟಿಯಾಗಿದ್ದಾಗ ಹೇಳಬಹುದಾಗಿದ್ದ ನೋವನ್ನು ಸಭೆಯ ನಗು ಅಡಗಿಸುವ ನಷ್ಟವೂ ಉಂಟು. ಮೆಸಾಚುಸೆಟ್ಸಿನ ರ್ಯಾಡ್‌ಕ್ಲಿಫ್ ಕಾಲೇಜಿನ ಷ್ಲೆಸಿಂಗರ್ ಗ್ರಂಥಾಲಯ 1976ರಿಂದ 1981ರವರೆಗೆ ಎಪ್ಪತ್ತೆರಡು ಮಂದಿ ಕಪ್ಪು ಮಹಿಳೆಯರ ಮಾತನ್ನು ಸಂಗ್ರಹಿಸಿದಾಗ ತನ್ನ ವಿದ್ಯಾರ್ಥಿನಿಯರ ಪಟ್ಟಿಗೆ ಕಟ್ಟುಬೀಳಲಿಲ್ಲ. ಆ ಧೈರ್ಯ ಶ್ಲಾಘ್ಯ. ಕಾಲೇಜುಗಳು ತಮ್ಮ ನಂಟರನ್ನಷ್ಟೆ ಕೇಳಿದರೆ ನಂಟರ ಮಾತಷ್ಟೆ ದೊರೆಯುತ್ತದೆ.

ಇನ್ನು ಲೀನವಾದ ವಿಷಯ. ಇದೇ ನಮ್ಮ ದೃಷ್ಟಿಯಲ್ಲಿ ಸಂಗ್ರಹದ ಹೃದಯ. 1969ರಲ್ಲಿ ಯೇಲ್, ಪ್ರಿನ್ಸ್‌ಟನ್‌ಗಳು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದುವು. ಪ್ರತ್ಯೇಕ ಕಾಲೇಜು, ಪ್ರತ್ಯೇಕ ಕಟ್ಟಳೆ ಹಳೆಯ ಕಾಲದ ಅವಶೇಷವೆಂದು ವಿದ್ಯಾರ್ಥಿನಿಯರಿಗೇ ಅನ್ನಿಸಿತು. ಸಮಾನತೆಯ ಹೆಸರಿನಲ್ಲಿಯೇ 1971ರ ನಿರ್ಧಾರ ಬಂತು. ನಿಯಮಗಳ ಬೇಲಿ ಹೋದದ್ದು ಲಾಭ. ಆದರೆ ಬೇಲಿಯ ಜೊತೆಗೆ ತೋಟವೂ ಹೋಯಿತು. 1923ರಿಂದ 1950ರವರೆಗೆ ಡೀನ್ ಆಗಿದ್ದ ಮಾರ್ಗರೆಟ್ ಮಾರಿಸ್‌ರಂತಹ ಹೆಣ್ಣೊಬ್ಬಳು ಅಧಿಕಾರದ ಪೀಠದಲ್ಲಿ ಕುಳಿತಿರುವುದನ್ನು ನಾಲ್ಕು ವರ್ಷ ಕಣ್ಣಾರೆ ಕಾಣುವ ಅವಕಾಶ ಪೆಂಬ್ರೋಕಿನ ವಿದ್ಯಾರ್ಥಿನಿಗೆ ಇತ್ತು. ಆ ಪೀಠವೇ 1971ರಲ್ಲಿ ರದ್ದಾಯಿತು. ಹುಡುಗಿಯರು ಸಂಪಾದಕಿಯರಾಗಿ ನಡೆಸುತ್ತಿದ್ದ ಪೆಂಬ್ರೋಕ್ ರೆಕಾರ್ಡ್ ಪತ್ರಿಕೆಯೂ ನಿಂತಿತು. ಅಧ್ಯಾಪಕ ವರ್ಗದಲ್ಲಿ ಸ್ತ್ರೀಯರು ವಿರಳವಾಗಿಯೇ ಉಳಿದರು. ಕಾಯಂ ಹುದ್ದೆ ನಿರಾಕೃತವಾದ ಮಾನವಶಾಸ್ತ್ರಜ್ಞೆ ಲೂಯಿಸ್ ಲ್ಯಾಂಫಿಯರ್ 1975ರಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. 1977ರಲ್ಲಿ ಉಭಯಸಮ್ಮತ ಆಜ್ಞೆಯಾಗಿ, ಸ್ತ್ರೀಯರ ನೇಮಕಕ್ಕೆ ಗುರಿಗಳೂ ಕ್ರಮಗಳೂ ಗೊತ್ತಾದುವು. 1992ರವರೆಗೆ ಆ ಆಜ್ಞೆ ಜಾರಿಯಲ್ಲಿತ್ತು. ಕೂಡಿಸಿದೊಡನೆ ಸಮಾನತೆ ಬಂದುಬಿಟ್ಟಿದ್ದರೆ ನಾಲ್ಕೇ ವರ್ಷಕ್ಕೆ ಈ ವ್ಯಾಜ್ಯವೇಕೆ?

ಸಂದರ್ಶನಗಳಲ್ಲಿ ಈ ಲೀನವಾಗುವಿಕೆಯ ಬಗೆಗೆ ತಲೆಮಾರಿನಿಂದ ತಲೆಮಾರಿಗೆ ದನಿ ಬೇರೆಯಾಗುತ್ತದೆ. ಹಳಬರಿಗೆ ತವರುಮನೆ ಮಾರಿಹೋದ ಸಂಕಟ; 1960ರ ದಶಕದ ಕೊನೆಯವರಿಗೆ ಬಿಡುಗಡೆ; ಆಮೇಲೆ ಬಂದವರಿಗೆ ಪೆಂಬ್ರೋಕ್ ಎಂದರೆ ಒಂದು ಕಟ್ಟಡದ ಹೆಸರು. ಈ ಮೂರನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಕತ್ತಲೆಯಿಂದ ಬೆಳಕಿಗೆ ಏರಿದ ಮೆಟ್ಟಿಲುಗಳೆಂದು ಓದುವುದು ಸುಲಭ. ಸಂಗ್ರಹದ ಮೇಲೆ ನಿಂತ ಉತ್ಸವ ಲೇಖನಗಳ ಓಟವೆಲ್ಲ ಆ ಕಡೆಗೆ. ನಮಗೆ ಆ ಓದು ಸಮ್ಮತವಲ್ಲ. ತವರು ಮಾರಿಹೋದ ಸಂಕಟ ಬರಿಯ ಹಳಹಳಿಕೆಯಲ್ಲ. ತಾವು, ತಮ್ಮ ಹಿರಿಯರು ಕಾಸು ಕಾಸು ಕೂಡಿಸಿ ಕಟ್ಟಿದ್ದನ್ನು ತಮ್ಮನ್ನು ಕೇಳದೆ ದೊಡ್ಡಮನೆಗೆ ಸೇರಿಸಿದರು ಎಂಬ ಆಸ್ತಿಯ ಪ್ರಶ್ನೆ ಅದರಲ್ಲಿದೆ. ಆ ಪ್ರಶ್ನೆಯನ್ನು ಭಾವುಕತೆ ಎಂಬ ಗೂಟಕ್ಕೆ ಕಟ್ಟಿಹಾಕಿದರೆ ಉತ್ತರ ಕೊಡುವ ಹೊಣೆ ತಪ್ಪುತ್ತದೆ.

ಮುಂದೆ ಈ ಸಂಗ್ರಹವನ್ನು ಉಪಯೋಗಿಸುವವರಿಗೆ ಒಂದು ಸೂಚನೆ. ಲಿಖಿತ ಪ್ರತಿಗಿಂತ ಮೊದಲು ಧ್ವನಿಯನ್ನು ಕೇಳಬೇಕು. ಬಾಯ್ಮಾತಿಗೆ ಪೂರ್ಣವಿರಾಮವಿಲ್ಲ, ಅದನ್ನು ಇಡುವವನು ಬರೆದುಕೊಳ್ಳುವವನು. ಒಬ್ಬಾಕೆ ಉತ್ತರಕ್ಕೆ ಮೊದಲು ಎಷ್ಟು ಹೊತ್ತು ಸುಮ್ಮನಿದ್ದಳು, ಯಾವ ಹೆಸರಿಗೆ ದನಿ ತಗ್ಗಿತು, ಯಾವ ಪ್ರಶ್ನೆಗೆ ಮಾತು ಸರಸರನೆ ಓಡಿತು ಎಂಬುದು ಅಚ್ಚಿನ ಹಾಳೆಯಲ್ಲಿ ಇಲ್ಲ. ಪ್ರಶ್ನೆಗಳನ್ನೂ ಒಂದೆಡೆ ಬರೆದುಕೊಂಡು ಅವಷ್ಟನ್ನೇ ಒಮ್ಮೆ ಓದಿ ನೋಡಬೇಕು. 1980ರ ದಶಕದ ಪ್ರಶ್ನೆಗಳಿಗೂ ಈಚಿನ ಪ್ರಶ್ನೆಗಳಿಗೂ ಇರುವ ಅಂತರ ಕೇಳುವವರ ಚರಿತ್ರೆ. ಅದನ್ನೂ ಯಾರಾದರೂ ಬರೆಯಬೇಕಾಗಿದೆ.